ಕೊಟ್ರಮ್ಮನ ಬಣ್ಣ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಕಾವಿ ಉಡುವ ಮುಂಚೆ ಮೂವತ್ತು ವರ್ಷ ಫೋಟೊ ಸ್ಟುಡಿಯೊ ನಡೆಸಿದ್ದವರು.

ಅವರ ಶಿಷ್ಯ ವಿರೂಪಣ್ಣ ಊರಿನ ಶಾಲೆಯಲ್ಲಿ ಮೇಷ್ಟ್ರು. ಅವನ ಹೆಂಡತಿ ಕೊಟ್ರಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಉಳಿದವರು ಅವನು ಮತ್ತು ಅವಳ ತಾಯಿ ಹಂಪಮ್ಮ, ಇಬ್ಬರೇ.

ಒಂದು ಬೆಳಿಗ್ಗೆ ಅವನು ಬಂದು, ಮನೆಯಲ್ಲೇ ಫೋಟೊ ಚೆನ್ನಾಗಿ ಬರುವಂಥ ಪ್ರಿಂಟರ್ ಯಾವುದು ಕೊಳ್ಳಲಿ ಎಂದು ಕೇಳಿದ.

ಯಾಕೆ ಬೇಕಾಯಿತು ಎಂದು ಗುರುಗಳು ವಿಚಾರಿಸಿದರು.

ಹಂಪಮ್ಮ ಮಗಳ ಫೋಟೊ ಒಂದು ಬೇಕು ಅಂದಿದ್ದಳು. ಮದುವೆಯ ಆಲ್ಬಮ್ಮು ಹಿಂದೊಮ್ಮೆ ಹೊಳೆ ಮನೆಗೆ ನುಗ್ಗಿದಾಗ ಹಾಳಾಗಿತ್ತು. ಫೋನಿನಲ್ಲಿ ಉಳಿದದ್ದು ಒಂದೇ ಚಿತ್ರ. ಆಶ್ರಮದ ದಾಸೋಹದಲ್ಲಿ ಕೊಟ್ರಮ್ಮ ಸಾರಿನ ಸೌಟು ಹಿಡಿದು ಯಾರಿಗೋ ಏನೋ ಹೇಳುತ್ತ ನಗುತ್ತಿದ್ದಳು. ಪೇಟೆಯ ಅಂಗಡಿಯವನು ಅದನ್ನು ಪ್ರಿಂಟ್ ಹಾಕಿಕೊಡುವಾಗ, ಕೇಳದೆಯೇ ಮುಖ ಬೆಳ್ಳಗೆ ಮಾಡಿದ್ದ. ವಿರೂಪಣ್ಣ ಅದನ್ನು ಅತ್ತೆಗೆ ತೋರಿಸದೆ ದಾರಿಯಲ್ಲೇ ಹರಿದು ಹಾಕಿದ್ದ.

“ಅವಳು ಕಪ್ಪಗಿದ್ದಳು,” ಎಂದ. “ಅವಳ ಬಣ್ಣದಲ್ಲೇ ಅವಳು ಬೇಕು.”

“ಹಂಪಮ್ಮನ ಕಣ್ಣು ಹೇಗಿದೆ?” ಎಂದರು ಗುರುಗಳು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಸ್ವಲ್ಪ ಮಂಜಾಗಿದೆ, ಶಾಲೆಯ ಪರೀಕ್ಷೆಗಳು ಮುಗಿದ ಮೇಲೆ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದ.

“ಅಂಗಡಿಯಲ್ಲೇ ಇನ್ನೊಂದು ಹಾಕಿಸು. ಇವತ್ತೇ ಕೊಡು.”

ಅಂಗಡಿಯವನು ಮತ್ತೆ ಬೆಳ್ಳಗೆ ಮಾಡುತ್ತಾನೆ ಎಂದ ವಿರೂಪಣ್ಣ. ಏಳಲಿಲ್ಲ.

ಗುರುಗಳು ತಮಗೆ ಗೊತ್ತಿದ್ದನ್ನು ಹೇಳಿಕೊಟ್ಟರು. ಲೇಸರ್ ಪ್ರಿಂಟರ್ ಅಕ್ಷರಕ್ಕೆ ಸರಿ, ಮುಖಕ್ಕೆ ಆಗದು. ಇಂಕಿನದೇ ಬೇಕು, ಅದರಲ್ಲೂ ಆರು ಬಣ್ಣದ್ದು; ನಾಲ್ಕೇ ಬಣ್ಣವಾದರೆ ಕೆನ್ನೆಯ ಮೇಲೆ ಚುಕ್ಕಿ ಕಾಣಬಹುದು. ಮಾಮೂಲಿ ಕಾಗದ ಇಂಕನ್ನು ಹೀರಿ ಮಂಕಾಗುತ್ತದೆ, ಫೋಟೊ ಕಾಗದವನ್ನೇ ತರಬೇಕು. ವಾರಕ್ಕೊಮ್ಮೆಯಾದರೂ ಓಡಿಸದಿದ್ದರೆ ಇಂಕು ಒಣಗಿ ಕಟ್ಟಿಕೊಳ್ಳುತ್ತದೆ. ಫೋನಿನ ಬೆಳಕಿನಲ್ಲಿ ಕಾಣುವ ಬಣ್ಣವನ್ನು ನಂಬಬಾರದು. ಪ್ರಿಂಟು ಒಂದು ದಿನ ಆರಿದ ಮೇಲೆ ಹಗಲಿನಲ್ಲೇ ನೋಡಬೇಕು.

ಅವನು ಎಲ್ಲವನ್ನೂ ಬರೆದುಕೊಂಡು ಹೋದ.

ಪ್ರಿಂಟರ್ ಬಂತು. ಮೊದಲನೆಯ ಹಾಳೆಯಲ್ಲಿ ಕೊಟ್ರಮ್ಮ ಕೆಂಪಗಿದ್ದಳು. ಎರಡನೆಯದರಲ್ಲಿ ಕಣ್ಣಿನ ಕೆಳಗೆ ಹಸಿರು. ಕಾಗದ ಬದಲಾಯಿಸಿದ. ಶಾಲೆ ಬಿಟ್ಟೊಡನೆ ಬಂದು ಕೋಣೆ ಸೇರುತ್ತಿದ್ದ. ಹಂಪಮ್ಮ ಬಾಗಿಲ ಆಚೆಯಿಂದ, ಆಯಿತೇನಪ್ಪ ಎಂದು ಕೇಳುವಳು. ಇನ್ನೊಂದು ಸ್ವಲ್ಪ ಅನ್ನುವನು. ಕೆಟ್ಟ ಪ್ರಿಂಟುಗಳನ್ನು ಮೇಜಿನ ಕೆಳಗೆ ಬೋರಲು ಒಟ್ಟುತ್ತಿದ್ದ. ಆಮೇಲಾಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಪರೀಕ್ಷೆಗಳು ಮುಗಿದವು. ಆಸ್ಪತ್ರೆಯ ಮಾತು ಮುಂದಿನ ವಾರಕ್ಕೆ ಹೋಯಿತು, ಮತ್ತೆ ಅದರ ಮುಂದಿನ ವಾರಕ್ಕೆ.

ಒಂದು ಭಾನುವಾರ ಮಧ್ಯಾಹ್ನ, ಹಿಂದಿನ ದಿನ ಆರಲು ಬಿಟ್ಟಿದ್ದ ಹಾಳೆಯನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದ. ಕೊಟ್ರಮ್ಮ ಹೇಗಿದ್ದಳೋ ಹಾಗೇ ಇದ್ದಳು. ಅವನು ನಿಂತಲ್ಲೇ ಅತ್ತುಬಿಟ್ಟ.

ಆಮೇಲೆ ಮುಖ ಒರೆಸಿಕೊಂಡು ಅದನ್ನು ಹಂಪಮ್ಮನ ಕೈಗೆ ಕೊಟ್ಟ. ಅವಳು ತಲೆಕೆಳಗಾಗಿ ಹಿಡಿದಳು. ಅವನು ಸರಿಯಾಗಿ ತಿರುಗಿಸಿದ. ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

“ಕಾಗದ ಭಾಳ ನುಣ್ಣಗೈತಿ,” ಎಂದಳು.

ಅವನು ಅವಳ ಮುಖದ ಮುಂದೆ ಕೈ ಆಡಿಸಿದ.

“ಮೊನ್ನೆಯಿಂದ ಏನೂ ಕಾಣವಲ್ದಪ್ಪ. ನೀನು ಕೆಲಸದಾಗ ಇದ್ದಿ. ಹೇಳಲಿಲ್ಲ.”

ದೊಡ್ಡಾಸ್ಪತ್ರೆಯವರು ಕಣ್ಣೊಳಗೆ ರಕ್ತ ಇಳಿದಿದೆ, ತಡವಾಗಿ ಬಂದಿದ್ದೀರಿ, ದೃಷ್ಟಿ ಮರಳುವುದು ಕಷ್ಟ ಎಂದರು.

ಹತ್ತು ದಿನದ ಮೇಲೆ ವಿರೂಪಣ್ಣ ಆಶ್ರಮಕ್ಕೆ ಬಂದ. ನಡೆದದ್ದನ್ನೆಲ್ಲ ಒಪ್ಪಿಸಿ, ಚಿತ್ರವನ್ನು ಗುರುಗಳ ಮುಂದಿಟ್ಟ. ಅವರು ಎತ್ತಿ ಬಹಳ ಹೊತ್ತು ನೋಡಿದರು. ಬಣ್ಣ ಸರಿಯಾಗಿ ಬಂದಿದೆ ಎಂದರು.

ಕೆಳಗೆ ಹೊಳೆ ಬತ್ತಿ ಬಂಡೆಗಳು ಎದ್ದಿದ್ದವು.

ಹಂಪಮ್ಮ ಅದನ್ನು ದಿನಾ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಾಳೆ ಎಂದು ಅವನು ಹೇಳಿದ. ಇವತ್ತು ಅವಳನ್ನು ಕೇಳಿ ತಂದಿದ್ದ.

“ಇದರೊಳಗೆ ಮಗಳು ಹೆಂಗ ಕಾಣ್ತಾಳ ಅಂತ ಕೇಳ್ತಾಳೆ, ಗುರುಗಳೇ. ಏನು ಹೇಳಲಿ?”

“ನನಗೆ ಹೇಳು. ಹೇಗೆ ಕಾಣುತ್ತಾಳೆ?”

ವಿರೂಪಣ್ಣ ಚಿತ್ರದ ಕಡೆಗೆ ಬಾಗಿದ.

ಮರುಳಯ್ಯ ಅದನ್ನು ಮಗುಚಿ ನೆಲದ ಮೇಲಿಟ್ಟು, ಅದರ ಮೇಲೆ ಅಂಗೈ ಊರಿದರು.

“ನೋಡದೆ ಹೇಳು.”