ಮಣ್ಣಿಗೆ ಹೆಪ್ಪು ಹಾಕಿದ ತಿಪ್ಪವ್ವ

ಯಾವ ಕಾಲವೋ ಏನೋ, ಎಣಿಸಿ ಹೇಳುವವರು ಯಾರೂ ಉಳಿದಿಲ್ಲ. ಬಹಳ ಹಿಂದೆ, ಕರಿಹಳ್ಳದ ದಂಡೆಯ ಎರೆಹಾಳ ಅನ್ನೋ ಊರಲ್ಲಿ ತಿಪ್ಪವ್ವ ಅಂತ ಒಬ್ಬ ಹೆಣ್ಣುಮಗಳು ಇದ್ದಳಂತೆ. ಆಳು ಎತ್ತರ, ಮಾತು ಮೆತ್ತಗೆ. ಆಗಿನ ಎರೆಹಾಳದ ಮಣ್ಣು ಹೇಗಿತ್ತು ಅಂತೀರಿ! ಕರ್ರಗೆ, ಬೆಣ್ಣೆಯ ಹಾಗೆ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಗೆರೆ ಮೂಡುತ್ತಿತ್ತಂತೆ. ನೇಗಿಲು ಹೂಡಿದರೆ ಸಾಲಿನ ತುಂಬ ಎರೆಹುಳು, ಎತ್ತಿನ ಹಿಂದೆ ಬೆಳ್ಳಕ್ಕಿಗಳ ಸಾಲು. ಮೊದಲ ಮಳೆ ಬಿದ್ದ ದಿನ ನೆಲದಿಂದ ಏಳುತ್ತಿದ್ದ ವಾಸನೆಗೆ ಬಸುರಿಯರ ಬಾಯಲ್ಲಿ ನೀರೂರುತ್ತಿತ್ತು, ಮುದುಕರು ಕಟ್ಟೆ ಬಿಟ್ಟು ಹೊಲದ ಕಡೆ ನಡೆಯುತ್ತಿದ್ದರು ಅಂತಾರೆ.

ತಿಪ್ಪವ್ವನ ಗಂಡ ಹುಚ್ಚೀರಪ್ಪ. ಹೆಸರಷ್ಟೇ ಹಾಗೆ, ಬುದ್ಧಿಯಲ್ಲಿ ಊರಿಗೆ ಮುಂದು. ಎತ್ತು ಕೊಳ್ಳಲು ದೂರದ ಸಂತೆಗೆ ಹೋದವನು ರುಮಾಲಿನ ಚುಂಗಿನಲ್ಲಿ ಒಂದು ಹಿಡಿ ಜಾಲಿ ಬೀಜ ಕಟ್ಟಿಕೊಂಡು ಬಂದನಂತೆ. ನಮ್ಮ ಜಾಲಿ ಅಲ್ಲ, ಹೊರಗಿಂದ ಬಂದ ಜಾಲಿ. ಈಗ ಬಳ್ಳಾರಿ ಜಾಲಿ ಅಂತೀವಲ್ಲ, ಅದೇ. ಆಡು ಅದರ ಎಲೆ ಮುಟ್ಟೋದಿಲ್ಲ, ನೀರು ಹಾಕೋದು ಬೇಡ, ಒಲೆಗೆ ಕಟ್ಟಿಗೆ, ಹೊಲಕ್ಕೆ ಬೇಲಿ. ಊರಿಗೆ ಊರೇ ಅವನನ್ನು ಹೊಗಳಿತಂತೆ. ಹೊಲದ ಸುತ್ತ ಅದನ್ನೇ ಹಾಕಿ, ಹೆಂಡತಿಯನ್ನು ಕರೆದು ತೋರಿಸಿ, ನಾನು ಸತ್ತರೂ ಈ ಬೇಲಿ ನಿನ್ನನ್ನು ಕಾಯುತ್ತದೆ ಅಂದನಂತೆ. ಹಾಗೆ ಅಂದವನು ಬಹಳ ದಿನ ಬಾಳಲಿಲ್ಲ. ಜ್ವರ ಬಂದು ಹೋಗಿಬಿಟ್ಟ.

ಬೇಲಿ ಬೆಳೆಯಿತು. ಎಲೆ ಮುಟ್ಟದ ಆಡುಗಳು ಕಾಯಿ ತಿಂದವು; ಹಿಕ್ಕೆ ಬಿದ್ದಲ್ಲೆಲ್ಲ ಜಾಲಿ ಎದ್ದಿತು. ಅದರ ಬುಡದಲ್ಲಿ ಹುಲ್ಲು ಹುಟ್ಟಲಿಲ್ಲ, ಅದರ ಎಲೆ ಉದುರಿದಲ್ಲಿ ಕಾಳು ಮೊಳೆಯಲಿಲ್ಲ.

ಅದೇ ಹೊತ್ತಿಗೆ ಹಳ್ಳದ ಮೇಲ್ಗಡೆ ರಾಮೋಜಿ ಅನ್ನುವ ಬಣ್ಣಗಾರ ಬಂದು ನೂಲಿಗೆ ಬಣ್ಣ ಹಾಕುವ ಬಾನಿಗಳನ್ನು ಹೂಡಿದ. ಹಳ್ಳದಲ್ಲಿ ಒಂದು ದಿನ ಕೆಂಪು ನೀರು, ಒಂದು ದಿನ ನೀಲಿ. ಮಕ್ಕಳು ಕುಣಿದವಂತೆ. ಬೇಸಿಗೆ ಬಂದಾಗ ಆ ನೀರು ಉಂಡ ಹೊಲಗಳ ಮೇಲೆ ಬೆಳ್ಳಗೆ ಉಪ್ಪಿನ ಸವುಳು ಕಟ್ಟಿತು. ಜೋಳ ಹಳದಿಯಾಗಿ ಮಲಗಿತು. ಎರೆಹುಳು ಹೋದವು, ಬೆಳ್ಳಕ್ಕಿ ಹೋದವು. ಆ ವರ್ಷ ಮೊದಲ ಮಳೆ ಚೆನ್ನಾಗೇ ಬಿತ್ತು. ಆದರೆ ವಾಸನೆ ಏಳಲಿಲ್ಲ. ಜನ ಅಂಗಳದಲ್ಲಿ ನಿಂತು ಮೂಗೆತ್ತಿ ಕಾದರಂತೆ. ಕಾದು ಕಾದು, ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋದರಂತೆ.

ಊರು ಬಿಡೋಣ ಅಂತ ಹಿರಿಯರು ಮಾತಾಡಿಕೊಂಡರು. ಕೆಲವರು ಬಂಡಿಗೆ ಕೀಲೆಣ್ಣೆ ಹಾಕಿಯೂ ಆಯಿತು. ಆಗ ತಿಪ್ಪವ್ವ ತನ್ನ ಹೊಲಕ್ಕೆ ಹೋಗಿ, ಮಣ್ಣು ಹಿಡಿದು ಮೂಸಿ, ನಾಲಿಗೆಗೆ ಹಚ್ಚಿ ನೋಡಿ ಕಟ್ಟೆಗೆ ಬಂದಳಂತೆ.

"ಹೊಲ ಸತ್ತಿಲ್ರೀ," ಅಂದಳು. "ಮಣ್ಣಾಗ ಕಣ್ಣಿಗೆ ಕಾಣದ ಮಂದಿ ಇರ್ತಾರ. ಎಲಿ ಕೊಳಸಾವ್ರು ಅವರ, ಬೇರಿಗೆ ಉಣಸಾವ್ರು ಅವರ. ಆ ಮಂದಿ ಹೋಗ್ಯಾರ. ತಿರುಗಿ ಕರಕೊಂಡ ಬರಬೇಕು."

"ಹೆಂಗ ಕರೀತಿ ಯವ್ವಾ?"

"ಹಾಲಿಗೆ ಹೆಪ್ಪು ಹಾಕೂದಿಲ್ಲೇನು? ಹಂಗ."

ಮೊದಲು ಬೇಲಿ. ಜಾಲಿಯನ್ನು ಕಡಿದರೆ ಚಿಗುರುತ್ತದೆ, ಬುಡ ಅಗೆಯಬೇಕು. ಗಂಡ ನೆಟ್ಟ ಬೇಲಿಯನ್ನು ತಿಪ್ಪವ್ವ ತಾನೇ ಅಗೆದಳಂತೆ. ಕೈಯೆಲ್ಲ ಮುಳ್ಳು, ಕೈಯೆಲ್ಲ ರಕ್ತ. ಕೊನೆಯ ಗಿಡ ಕೀಳುವಾಗ, "ನೀ ನನ್ನ ಕಾಯಾಕ ನೆಟ್ಟಿದ್ದಿ. ಅದು ಹೊಲಾನ ತಿಂತು. ನನ್ನ ಮ್ಯಾಲ ಸಿಟ್ಟಾಗಬ್ಯಾಡ," ಅಂತ ಗಾಳಿಗೆ ಹೇಳಿದಳು ಅಂತಾರೆ.

ಆಮೇಲೆ ರಾಮೋಜಿ. ಬಣ್ಣದ ನೀರು ಹಳ್ಳಕ್ಕೆ ಬಿಡಬೇಡ ಅಂತ ತಿಪ್ಪವ್ವ ಹೋಗಿ ಕೇಳಿದಳು. ಅವನೇನು ಕೆಟ್ಟವನಲ್ಲ. ಆ ನೀರು ಮತ್ತೆಲ್ಲಿ ಚೆಲ್ಲಲಿ, ನನ್ನ ಬಣ್ಣ ಉಡುವವರು ನಿಮ್ಮೂರ ಹೆಣ್ಣುಮಕ್ಕಳೇ ತಾನೆ ಅಂದನಂತೆ. ತಿಪ್ಪವ್ವ ಊರಿಗೆ ಬಂದು ಮನೆಮನೆಗೆ ಹೋಗಿ, ಬಣ್ಣದ ಸೀರೆ ಬಿಡಿ ಅಂತ ಹೆಣ್ಣುಮಕ್ಕಳಿಗೆ ಹೇಳಿದಳು. ಆ ವರ್ಷ ಎರೆಹಾಳದಲ್ಲಿ ಮದುಮಗಳು ಕೂಡ ಬಣ್ಣದ ಸೀರೆ ಉಡಲಿಲ್ಲವಂತೆ. ಅರಿಸಿನದಲ್ಲಿ ಅದ್ದಿದ ಬಿಳಿ ಸೀರೆಯಲ್ಲೇ ಧಾರೆ. ಕೊಳ್ಳುವವರಿಲ್ಲದೆ ಸೋತು ರಾಮೋಜಿ ಕಲ್ಲು ನೆಲದಲ್ಲಿ ಹೊಂಡ ತೋಡಿಸಿ, ನೀರು ಅಲ್ಲೇ ಆರುವ ಹಾಗೆ ಮಾಡಿದ. ತೋಡಲು ಎರೆಹಾಳದವರೂ ಗುದ್ದಲಿ ಹಿಡಿದು ಹೋದರಂತೆ.

ಇನ್ನು ಹೆಪ್ಪು. ಊರ ಮಣ್ಣೆಲ್ಲ ಕೆಟ್ಟ ಮೇಲೆ ಹೆಪ್ಪು ಎಲ್ಲಿಂದ ತರಬೇಕು? ತಿಪ್ಪವ್ವ ತವರಿಗೆ ನಡೆದಳು. ತಮ್ಮ ಗಾಳೆಪ್ಪ ಕಾಲು ತೊಳೆಯಲು ನೀರು ಕೊಟ್ಟ, ಸೀರೆ ಕೊಡುತ್ತೇನೆ ಅಂದ, ಆಕಳು ಹೊಡೆದುಕೊಂಡು ಹೋಗು ಅಂದ. ಅವಳು ಸೆರಗೊಡ್ಡಿ, "ಉಡಿಗೆ ನಿನ್ನ ಹೊಲದ ಮಣ್ಣು ಹಾಕೋ ತಮ್ಮಾ," ಅಂದಳು.

ಗಾಳೆಪ್ಪ ಬೆಚ್ಚಿಬಿದ್ದ. ಮಣ್ಣು ಕೊಟ್ಟರೆ ಹೊಲದ ಹುಲುಸೇ ಹೋಗುತ್ತದೆ ಅನ್ನುವ ಕಾಲ ಅದು. ಅದರ ಮೇಲೆ, ಗಂಡ ಸತ್ತವಳಿಗೆ ಉಡಿ ತುಂಬುವ ಪದ್ಧತಿ ಇಲ್ಲ. "ಅಕ್ಕನ ಉಡ್ಯಾಗ ಮಣ್ಣ ಹಾಕಿದಾಂವ ಅನಸ್ಕೊಳ್ಳಲೇನು?" ಅಂತ ಅತ್ತೇಬಿಟ್ಟನಂತೆ.

ಅವನ ಹೆಂಡತಿ ನೀಲವ್ವ ಮೊರ ತಗೊಂಡು ಹೋಗಿ, ಬದುವಿನ ಬೇವಿನ ಬುಡದಿಂದ ತಣ್ಣನೆ ಮಣ್ಣು ತುಂಬಿಕೊಂಡು ಬಂದಳು. ಅದರಲ್ಲಿ ಬೂಷ್ಟಿನ ಬಿಳಿ ಎಳೆ ನೂಲಿನ ಹಾಗೆ ಹಬ್ಬಿತ್ತಂತೆ. "ಗಂಡ ಇಲ್ಲದಿದ್ರ ಏನಾತು, ಹೊಲ ಐತಲ್ಲ. ಹಿಡೀರಿ ಅಕ್ಕಾರ," ಅಂತ ಉಡಿಗೆ ಸುರಿದಳು.

ತಿಪ್ಪವ್ವ ಆ ಉಡಿಯನ್ನು ಬಿಸಿಲು ತಾಗದ ಹಾಗೆ ಮುಚ್ಚಿಕೊಂಡು, ದಾರಿಯಲ್ಲಿ ಎಲ್ಲೂ ಕೂರದೆ, ಬಾಯಲ್ಲಿ ನೀರು ತಂದು ಚಿಮುಕಿಸುತ್ತ ಬಂದಳಂತೆ. ಹೊಲಕ್ಕೆ ಸಗಣಿ ಹಾಕಿ, ಕೊಳೆತ ಸೊಪ್ಪು ಹಾಸಿ, ಮಜ್ಜಿಗೆ ಚೆಲ್ಲಿ, ಚಿಟಿಕೆ ಚಿಟಿಕೆಯಾಗಿ ಆ ಮಣ್ಣು ಇಟ್ಟು ಮುಚ್ಚಿದಳು. ಹುರುಳಿ ಬಿತ್ತಿದಳು. ಹುರುಳಿ ಬಡಕಲಾಗಿ ಎದ್ದು ಹೂ ಬಿಟ್ಟಾಗ, ಕೊಯ್ಯದೆ, ಮಣ್ಣೇ ಉಣ್ಣಲಿ ಅಂತ ಹಾಗೇ ಉತ್ತುಬಿಟ್ಟಳು. ಅನ್ನ ಮಣ್ಣುಪಾಲು ಮಾಡಿದಳು ಅಂತ ಊರು ಬೈದಿತು. ಹುಚ್ಚೀರಪ್ಪನ ಹುಚ್ಚು ಇವಳಿಗೆ ಬಂತು ಅಂತ ನಕ್ಕಿತು. ಮುಂದಿನ ಮಳೆಗೂ ವಾಸನೆ ಬರಲಿಲ್ಲ. ಒಂದಷ್ಟು ಬಂಡಿಗಳು ಊರು ಬಿಟ್ಟೇ ಹೋದವು. ಅವಳು ಮತ್ತೆ ಸಗಣಿ ಹೊತ್ತಳು, ಮತ್ತೆ ಸೊಪ್ಪು ಹೊತ್ತಳು.

ಅದರ ಮುಂದಿನ ಮಳೆ. ಮಳೆ ನಿಂತ ಮೇಲೆ ಬಾವಿಗೆ ಹೋದ ಹೆಂಗಸರು ಕೊಡ ಅಲ್ಲೇ ಬಿಟ್ಟು ನಿಂತರಂತೆ. ಗಾಳಿಯಲ್ಲಿ ಅದೇ ವಾಸನೆ! ಊರು ಆ ವಾಸನೆಯ ಬೆನ್ನು ಹತ್ತಿ ತಿಪ್ಪವ್ವನ ಹೊಲಕ್ಕೆ ಬಂತು. ಅವಳು ಬದುವಿನ ಮೇಲೆ ಕೂತು ಅಳುತ್ತಿದ್ದಳು. ಯಾಕೆ ಅಂತ ಕೇಳಿದರೆ, ಅವನು ಇರಬೇಕಿತ್ತು ಅಂದಳಂತೆ.

ಆ ವರ್ಷ ಮನೆಗೊಂದು ಮೊರ ಮಣ್ಣು ಅವಳ ಹೊಲದಿಂದ ಹೋಯಿತು. ಹೊಲದಿಂದ ಹೊಲಕ್ಕೆ ಹೆಪ್ಪು ಹಬ್ಬಿತು. ಊರು ಬಿಟ್ಟವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲೇ ಇಲ್ಲ.

ತಿಪ್ಪವ್ವನ ಸಮಾಧಿ ಎಲ್ಲಿದೆ ಅಂತ ಯಾರಿಗೂ ತಿಳಿಯದು. ಆದರೆ ಆ ಸೀಮೆಯಲ್ಲಿ ಇವತ್ತಿಗೂ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆ ಒಂದು ಹಿಡಿ ತವರಿನ ಮಣ್ಣು ಹಾಕುತ್ತಾರೆ. ಸೊಸೆ ಹೊಸಿಲು ದಾಟುವ ಮೊದಲು ಹೊಲಕ್ಕೆ ಹೋಗಿ ಅದನ್ನು ಸುರಿಯಬೇಕು. ಅಲ್ಲಿಯ ತನಕ ಅತ್ತೆ ಆರತಿ ಹಿಡಿದು ಬಾಗಿಲಲ್ಲೇ ಕಾಯಬೇಕು. ಈಗೀಗ ಪೇಟೆಯ ಹುಡುಗಿಯರೂ ಸೊಸೆಯಾಗಿ ಬರುತ್ತಾರೆ. ಹೊಲ ಇಲ್ಲದ ಅಪ್ಪಂದಿರು, ಮನೆಯ ಹೂವಿನ ಕುಂಡಕ್ಕೆ ಕೈ ಹಾಕಿ, ಇದಾದೀತೇ ಅಂತ ಬೀಗರನ್ನು ಕೇಳುತ್ತಾರಂತೆ. ಬೀಗರು ಮೂಸಿ ನೋಡಿ, ಆದೀತು ಅನ್ನುತ್ತಾರಂತೆ.