ಪಟ್ಟೆ ಶಂಖದ ಮೇಲೆ ಸೋಮಿಯ ಕಣ್ಣು

ಶಂಕಿನೇಡಿ... ಅಲ್ಲ, ಶಂಖೇಡಿ... ಕಡಲ ದಂಡೆಯ ಊರಲ್ಲಿ ಅದಕ್ಕೊಂದು ಚಂದದ ಹೆಸರಿತ್ತು ಇಳಾ, ಈ ದೂರದೂರಿಗೆ ಬಂದು ಮರೆತೇ ಹೋಗಿದೆ. ಇರಲಿ, ಶಂಖ ಹೊತ್ತು ತಿರುಗುವ ಏಡಿ ಅನ್ನೋಣ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಸತ್ತ ಏಡಿ ನಾರುತ್ತಿರಲಿಲ್ಲ. ಸತ್ತವರ ಶಂಖ ಮೊದಲು ಕಂಡವರದ್ದು ಎಂದು ಕಡಲು ಹೇಳಿಬಿಟ್ಟಿತ್ತು.

ಸೋಮಿ ಎಂಬ ಏಡಿಯ ಶಂಖ ಅಂಚು ಮುರಿದು, ಮೈಗೆ ಬಿಗಿಯಾಗಿತ್ತು. ಅವಳ ಮೈದುನನ ಹೆಂಡತಿಯಾಗಿ ಬಂದ ಹೊನ್ನಿಯದೋ, ಕೆಂಪು ಪಟ್ಟೆಯ ನುಣ್ಣನೆ ಶಂಖ. ದಂಡೆಯವರೆಲ್ಲ ಹೊನ್ನಿಯನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರು. ಅಲೆ ಕೂಡ ಅವಳ ಬೆನ್ನು ತೊಳೆದೇ ಹಿಂದೆ ಹೋಗುತ್ತಿತ್ತು. ಸೋಮಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

"ಅಷ್ಟು ಮಿಂಚಬೇಡವೇ, ಹದ್ದಿಗೆ ದೂರದಿಂದಲೇ ಕಾಣುತ್ತೀಯ," ಅನ್ನುವಳು.

"ನೀನು ಪಕ್ಕದಲ್ಲಿದ್ದರೆ ಹದ್ದಿಗೂ ಭಯ ಅಕ್ಕ," ಎಂದು ಹೊನ್ನಿ ನಗುವಳು.

ಒಮ್ಮೆ ಹೊನ್ನಿ ಊಟ ಬಿಟ್ಟಳು. ಮರಳು ತೋಡಿ ಒಳಗೆ ಹೋದವಳು ಮೇಲೆ ಬರಲೇ ಇಲ್ಲ. ಸೋಮಿ ದಿನವೂ ಹೋಗಿ ನೋಡಿದಳು. ಕೊನೆಗೆ ತಡೆಯಲಾರದೆ ಮರಳು ಕೆದಕಿದಳು. ಶಂಖದ ಬಾಯಲ್ಲಿ ಹೊನ್ನಿಯ ಕೈಕಾಲುಗಳು ಒಣಗಿ, ಕಳಚಿ ಬಿದ್ದಿದ್ದವು.

"ಹೋದೆಯಾ ತಂಗಿ," ಎಂದು ಅತ್ತಳು. ಅಳುತ್ತಲೇ ತನ್ನ ಹಳೆ ಶಂಖದಿಂದ ಹೊರಗೆ ಜಾರಿದಳು, ಅಳುತ್ತಲೇ ಪಟ್ಟೆ ಶಂಖದೊಳಗೆ ಕೈ ಹಾಕಿದಳು.

ಒಳಗೆ ಬೆಣ್ಣೆಯಂಥದ್ದೇನೋ ನಡುಗಿತು. "ಎಳೀಬೇಡ ಅಕ್ಕ. ಹಳೆ ಚರ್ಮ ಬಿಟ್ಟಿದ್ದೇನೆ, ಹೊಸದಿನ್ನೂ ಗಟ್ಟಿಯಾಗಿಲ್ಲ. ಎಳೆದರೆ ಸಾಯ್ತೀನಿ."

ಸೋಮಿ ಕೈ ಬಿಡಲಿಲ್ಲ. ಒಂದು ಸಲ ಎಳೆದರೆ ಸಾಕು, ಯಾರಿಗೆ ಗೊತ್ತಾಗುತ್ತದೆ?

ಗಾಳಿಗೆ ಗೊತ್ತಾಯಿತು. ಏನು ಮಾಡುತ್ತಿದ್ದೀಯ ಎಂದು ಕೇಳಿತು. ಸತ್ತಳು ಅಂದುಕೊಂಡೆ ಎಂದಳು ಸೋಮಿ.

"ಅಂದುಕೊಂಡೆಯೋ, ಆಸೆಪಟ್ಟೆಯೋ?"

ಸೋಮಿಯ ಕೈ ಸಡಿಲವಾಯಿತು. ತಿರುಗಿ ನೋಡಿದರೆ ಅವಳ ಹಳೆ ಶಂಖವನ್ನು ಅಲೆ ಎಳೆದುಕೊಂಡು ಹೋಗಿತ್ತು. ತೆಂಗಿನ ಕರಟದ ಚೂರೊಂದನ್ನು ಹೊದ್ದು ಕೂತಳು.

ಆಗ ಗಾಳಿ ಒಂದು ಕಟ್ಟಳೆ ಮಾಡಿತು. ಇನ್ನು ಮೇಲೆ ಸತ್ತ ಏಡಿಯ ನಾತವನ್ನು ತಾನೇ ದಂಡೆಗೆಲ್ಲ ಹೊತ್ತು ತರುತ್ತದಂತೆ. ನಾತ ಬರುವ ತನಕ ಯಾರೂ ಯಾರ ಶಂಖಕ್ಕೂ ಕೈ ಹಾಕಕೂಡದಂತೆ.

ಸೋಮಿ ದಿನಾ ಮೂಸಿದಳು. ನಾತ ಬರಲಿಲ್ಲ, ಹೊನ್ನಿಯೇ ಬಂದಳು, ಮೊದಲಿಗಿಂತ ದಪ್ಪಗೆ. ಪಟ್ಟೆ ಶಂಖದಲ್ಲಿ ಅವಳು ಹಿಡಿಯಲಿಲ್ಲ. ದೊಡ್ಡದೊಂದನ್ನು ಹುಡುಕಿಕೊಂಡು, ಹಳೆಯದನ್ನು ಸೋಮಿಯ ಮುಂದೆ ಉರುಳಿಸಿದಳು. ಸೋಮಿ ಕರಟ ಬಿಸಾಕಿ ಒಳಗೆ ಸೇರಿದಳು. ಸೇರಿದವಳು ಇಣುಕಿ ಹೊನ್ನಿಯ ಹೊಸ ಶಂಖ ನೋಡಿದಳು. ಹೊಟ್ಟೆಯಲ್ಲಿ ಮತ್ತೆ ಕೆಂಡ.

ಅದಕ್ಕೇ ಇವತ್ತಿಗೂ ಸತ್ತ ಏಡಿ ಕೊಳೆತ ಮೀನಿನಂತೆ ನಾರುತ್ತದೆ, ಪೊರೆ ಬಿಡುವ ಏಡಿ ಮರಳಿನಡಿ ನಾತವಿಲ್ಲದೆ ಮಲಗಿರುತ್ತದೆ. ನಿನ್ನ ಗಾಜಿನ ಪೆಟ್ಟಿಗೆಯ ಏಡಿಯೂ ಹಾಗೇ ಮಲಗಿದೆ. ಕೆದಕಬೇಡ, ಮೂಸಿ ನೋಡು. ಸತ್ತಿದೆ ಅಂದುಕೊಂಡು ನಿಮ್ಮಮ್ಮ ಎತ್ತಿ ಎಸೆಯುವ ಮೊದಲು ಇದನ್ನೊಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸು ಇಳಾ.