ಕಾತ್ಯಾಯಿನಿಯ ರಬ್ಬರು

ಹೊಳೆಯ ಆಚೆ ದಡದಲ್ಲಿ ಒಬ್ಬ ಗುರುಗಳಿದ್ದರು. ಜನ ಅದನ್ನು ಆಶ್ರಮ ಅನ್ನುತ್ತಿದ್ದರು ಅಷ್ಟೇ. ನೋಡಿದರೆ ಎರಡು ಹೆಂಚಿನ ಕೋಣೆ, ಒಂದು ಹಸು, ಕೂರಲು ಒಂದು ಕಲ್ಲುಬೆಂಚು, ಅಲ್ಲಿಗೆ ಮುಗಿಯಿತು. ಈಚೆ ದಡದ ಊರಿನಿಂದ ಹೋಗಬೇಕೆಂದರೆ ಹರಿಗೋಲು ಹತ್ತಬೇಕು.

ಆ ಭಾನುವಾರ ಬೆಳಿಗ್ಗೆ ಹರಿಗೋಲು ಹತ್ತಿದವನು ಚಿದಂಬರ, ಗುರುಗಳ ಹಳೆಯ ಶಿಷ್ಯ. ಹೆಗಲ ಚೀಲದಲ್ಲಿ ಎರಡು ದಪ್ಪ ಪುಸ್ತಕ. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಇನ್ನೊಂದು ಕೈಯಲ್ಲಿ ಮಗಳ ಹಣೆಯ ಬಿಸಿ.

ಮಗಳು ಅಪರ್ಣೆಗೆ ಆರು ವರ್ಷ. ರಾತ್ರಿಯೆಲ್ಲ ಅವಳ ಎದೆ ಗೊರಗೊರ ಅಂದಿತ್ತು. ಮನೆ ಬಿಡುವ ಮುಂಚೆ ಹಣೆ ಮುಟ್ಟಿ ನೋಡಿದ್ದ.

ಚಿದಂಬರ ಅಂಗೈಯನ್ನು ಹೊಳೆಯ ನೀರಿಗೆ ಇಳಿಬಿಟ್ಟ. ಬಿಸಿ ಹೋಗಲಿಲ್ಲ.

ಗುರುಗಳು ಹಸುವಿನ ಮೈ ಉಜ್ಜುತ್ತಿದ್ದರು.

“ಬಾರಪ್ಪ. ಮನೆ ಕಡೆ ಹೇಗಿದೆ?”

“ನಡೀತಾ ಇದೆ ಗುರುಗಳೇ. ಗಡಿಯಾರ ನಡೆದ ಹಾಗೆ.”

“ಕೀ ಕೊಡೋರು ಯಾರು?”

ಚಿದಂಬರ ಚೀಲದಿಂದ ಹಳೆಯ ಪುಸ್ತಕವನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಬೆಂಚಿನ ಮೇಲಿಟ್ಟ.

ಈ ಪುಸ್ತಕದ ಸಮಾಚಾರವನ್ನು ಇಲ್ಲೇ ಸ್ವಲ್ಪ ಹೇಳಿಬಿಡಬೇಕು, ಇಲ್ಲದಿದ್ದರೆ ಕಥೆ ಮುಂದೆ ಸಾಗದು.

ಚಿದಂಬರನ ಮನೆ ಮನೆಯಲ್ಲ, ಬಸ್ ಸ್ಟ್ಯಾಂಡು. ತಾಯಿ, ಹಾಸಿಗೆ ಹಿಡಿದ ಸೋದರಮಾವ, ತಮ್ಮ, ತಮ್ಮನ ಹೆಂಡತಿ, ಎರಡೂ ಕಡೆಯ ಮಕ್ಕಳು. ಇಷ್ಟು ಜನಕ್ಕೆ ಇರುವುದು ಒಂದೇ ಬಚ್ಚಲು. ಒಬ್ಬರಿಗೆ ಉಪ್ಪು ಆಗದು, ಇನ್ನೊಬ್ಬರಿಗೆ ಸಕ್ಕರೆ ಆಗದು, ಮತ್ತೊಬ್ಬರಿಗೆ ಉಪ್ಪು ಸಕ್ಕರೆ ಎರಡೂ ಇದ್ದರೂ ಸಮಾಧಾನ ಇಲ್ಲ.

ಇದನ್ನೆಲ್ಲ ಹಳಿಯ ಮೇಲೆ ಓಡಿಸುತ್ತಿದ್ದವಳು ಅವನ ಹೆಂಡತಿ ಕಾತ್ಯಾಯಿನಿ. ಅವಳ ಆಯುಧ, ದಿನಕ್ಕೊಂದು ಪುಟದ ಒಂದು ಪ್ಲ್ಯಾನರ್. ಗ್ಯಾಸ್ ಯಾವತ್ತು ಬುಕ್ ಮಾಡಬೇಕು, ಮಾವನ ಹಾಸಿಗೆ ಯಾವತ್ತು ಬಿಸಿಲಿಗೆ ಹಾಕಬೇಕು, ಯಾವ ಮಗುವಿನ ಉಗುರು ಯಾವತ್ತು ಕತ್ತರಿಸಬೇಕು, ಹೊಸ ವರ್ಷ ಹುಟ್ಟುವ ಮುಂಚೆಯೇ ಕೂತು ಇಡೀ ವರ್ಷವನ್ನು ಪೆನ್ಸಿಲ್ಲಿನಲ್ಲಿ ತುಂಬಿಸಿಬಿಡುತ್ತಿದ್ದಳು. ಒಲೆಯ ಪಕ್ಕದ ಮೊಳೆಯಲ್ಲಿ ಅದು ನೇತಾಡುತ್ತಿತ್ತು. ಎಲ್ಲರ ಬಾಯಲ್ಲೂ ಅದು ‘ಮನೆ ಪುಸ್ತಕ’.

ಆಷಾಢದ ಒಂದು ಬೆಳಿಗ್ಗೆ ಕಾಫಿಗೆ ನೀರಿಟ್ಟವಳು ಅಲ್ಲೇ ಕುಸಿದಳು. ನೀರು ಕುದಿದು ಬತ್ತುವಷ್ಟರಲ್ಲಿ ಅವಳಿರಲಿಲ್ಲ.

ಕರ್ಮಗಳೆಲ್ಲ ಮುಗಿದು, ನೆಂಟರೂ ಹೊರಟುಹೋದ ಮೇಲೆ ಚಿದಂಬರ ಅಡುಗೆಮನೆಯಲ್ಲಿ ಒಬ್ಬನೇ ನಿಂತಿದ್ದ. ಪುಸ್ತಕ ಮೊಳೆಯಲ್ಲೇ ಇತ್ತು. ತೆರೆದ. ಆ ದಿನದ ಪುಟದಲ್ಲಿ ಅವಳ ಕೈಬರಹ: ‘ಇಡ್ಲಿಗೆ ನೆನೆಹಾಕು.’

ಅವನು ನೆನೆಹಾಕಿದ.

ಮಾರನೆಯ ಬೆಳಿಗ್ಗೆ ಮನೆಮಂದಿಯೆಲ್ಲ ಇಡ್ಲಿ ತಿನ್ನುವಾಗ, ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಳೆ ಅನ್ನಿಸಿತು ಅವನಿಗೆ. ಅಂದಿನಿಂದ ಅವಳು ಬರೆದದ್ದರಲ್ಲಿ ಒಂದಕ್ಷರ ತಪ್ಪಿಸಿರಲಿಲ್ಲ. ಮಾಡಿ ಮುಗಿಸಿದ್ದಕ್ಕೆಲ್ಲ ಕೆಂಪು ಇಂಕಿನಲ್ಲಿ ಒಂದು ಟಿಕ್.

ಈಗ ಅವನು ಎರಡನೆಯ ಪುಸ್ತಕವನ್ನೂ ತೆಗೆದ. ಹೊಚ್ಚ ಹೊಸದು.

“ವರ್ಷ ಮುಗೀತಾ ಬಂತು ಗುರುಗಳೇ. ಅವಳು ಬರೆದದ್ದನ್ನೇ ಇದಕ್ಕೆ ಇಳಿಸ್ಕೋತೀನಿ. ಆಮೇಲಿನ ವರ್ಷಕ್ಕೂ ಹಾಗೇ. ಮೊದಲ ಪುಟದಲ್ಲಿ ನೀವೊಂದು ಶ್ರೀಕಾರ ಹಾಕಿಕೊಡಬೇಕು.”

ಗುರುಗಳು ಕೈ ತೊಳೆದುಕೊಂಡು ಬಂದು ಕೂತರು. ಹೊಸ ಪುಸ್ತಕವನ್ನು ಮುಟ್ಟಲಿಲ್ಲ.

“ಇವತ್ತಿನ ಪುಟದಲ್ಲಿ ಏನಿದೆ?”

ಚಿದಂಬರ ನೋಡದೆಯೇ ಹೇಳಿದ. “ಫಿಲ್ಟರ್ ತೊಳೆಯೋದು. ಗುರುಗಳ ದರ್ಶನ. ಇಲಿ ಬೋನು.”

“ಒಳ್ಳೇ ಸಹವಾಸದಲ್ಲಿ ಕೂರಿಸಿದ್ದಾಳೆ ನನ್ನನ್ನ!” ಗುರುಗಳು ನಕ್ಕರು. “ಮಗು ಹೇಗಿದ್ದಾಳೆ?”

“ಜ್ವರ.”

“ಯಾವಾಗಿಂದ?”

“ಶುಕ್ರವಾರ ಸಂಜೆ ಮೈ ಬೆಚ್ಚಗಿತ್ತು. ನಿನ್ನೆ ಎಣ್ಣೆ ಸ್ನಾನ ಆದಮೇಲೆ ಏರಿಬಿಡ್ತು.”

ಗುರುಗಳ ನಗು ನಿಂತಿತು.

“ಜ್ವರದ ಮಗೂಗೆ ಎಣ್ಣೆ ಸ್ನಾನ ಮಾಡಿಸಿದೆಯಾ?”

“ಶನಿವಾರ ಅಲ್ವೇ ಗುರುಗಳೇ.”

“ನಿಮ್ಮಮ್ಮ ಸುಮ್ಮನಿದ್ದರಾ?”

“ಬೇಡ ಕಣೋ, ಮೈ ಕಾಯ್ತಾ ಇದೆ ಅಂದ್ರು. ಪುಸ್ತಕ ತೋರಿಸಿದೆ. ಆಮೇಲೆ ಮಾತಾಡಲಿಲ್ಲ.”

ಆ ಕೈಬರಹದ ಎದುರು ಮಾತಾಡುವವರು ಆ ಮನೆಯಲ್ಲಿ ಯಾರಿದ್ದರು? ಮಗುವೂ ಮೊದಲು ಬಚ್ಚಲ ಬಾಗಿಲು ಹಿಡಿದುಕೊಂಡು ಒಲ್ಲೆ ಅಂದಿತ್ತು. ಆಮೇಲೆ, “ಅಮ್ಮ ಬರ್ದಿದ್ದಾಳಾ?” ಅಂತ ಕೇಳಿತು. ಹೂಂ ಅಂದ. ತಾನೇ ಬಂದು ಮಣೆಯ ಮೇಲೆ ಕೂತು, ನಡುಗುತ್ತ, ತಲೆ ಬಗ್ಗಿಸಿತು.

ಇದನ್ನು ಚಿದಂಬರ ಗುರುಗಳಿಗೆ ಹೇಳಲಿಲ್ಲ.

“ಡಾಕ್ಟರಿಗೆ ತೋರಿಸಿದ್ಯಾ?”

“ಬುಧವಾರ ಇದೆ. ಅಮ್ಮನ ಬಿ.ಪಿ. ತೋರಿಸೋ ದಿನ. ಇಬ್ಬರನ್ನೂ ಒಟ್ಟಿಗೆ ಕರ್ಕೊಂಡು...”

ಮಾತು ಅಲ್ಲಿಗೆ ತುಂಡಾಯಿತು. ತನ್ನ ದನಿ ತನಗೇ ಕೇಳಿಸಿತೋ ಏನೋ.

ಗುರುಗಳು ಬೈಯಲಿಲ್ಲ. ಹಳೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಕ್ಕೆ ಮಗುಚುತ್ತ ಹೋದರು. ಆಷಾಢದ ಆಚೆಗೆ. ಅವಳು ಬದುಕಿದ್ದ ತಿಂಗಳುಗಳಿಗೆ.

“ಇವು ಯಾಕೆ ಹೀಗಿವೆ?”

“ಶುರುವಿನ ಪುಟಗಳು ಸ್ವಲ್ಪ ಗಲೀಜು ಗುರುಗಳೇ. ಆಗ ಅವಳೇ ನೋಡ್ಕೋತಿದ್ದಳು, ಕೈಬಿಡುವು ಇರಲಿಲ್ಲ. ಮುಂದೆ ನೋಡಿ, ನಾನು ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀನಿ.”

“ಚೊಕ್ಕಟ ಇರಲಿ. ಗಲೀಜು ಓದು.”

ಚಿದಂಬರ ಬಗ್ಗಿದ. ಕಾಗದ ಉಜ್ಜಿ ಉಜ್ಜಿ ಹಳೆಯ ಬಟ್ಟೆಯಂತೆ ನವೆದಿತ್ತು. ಬೂದು ಮಸಿ ಎಲ್ಲೆಲ್ಲೂ. ಒಂದೆರಡು ಕಡೆ ತೂತೇ ಬಿದ್ದಿತ್ತು.

“ಹಾಸಿಗೆ ಬಿಸಿಲಿಗೆ... ಅಳಿಸಿದ್ದಾಳೆ. ಮೇಲೆ ‘ಮೋಡ’ ಅಂತಿದೆ.”

“ಹೂಂ.”

“ಗುರುಗಳ ದರ್ಶನ... ಇದನ್ನೂ ಅಳಿಸಿದ್ದಾಳೆ. ‘ಮಾವನಿಗೆ ಭೇದಿ. ಗುರುಗಳು ಕಾಯುತ್ತಾರೆ.’ ”

“ಕಾದೆ. ಆ ತಿಂಗಳು ನನಗೆ ಬಾಳೆಹಣ್ಣೂ ಬರಲಿಲ್ಲ. ಮುಂದೆ ಓದು. ಶನಿವಾರ.”

ಚಿದಂಬರನ ಬೆರಳು ನಿಂತಿತು. ಪುಟದ ತಳದಲ್ಲಿ, ಉಜ್ಜಿದ ಜಾಗದ ಅಡಿಯಲ್ಲಿ ಇನ್ನೂ ಮಸುಕಾಗಿ ಕಾಣುತ್ತಿತ್ತು ‘ಎಣ್ಣೆ ಸ್ನಾನ’. ಅದರ ಮೇಲೆ ಅವಸರದ ಅಕ್ಷರ.

“ಓದಪ್ಪ.”

“ ‘ಬೇಡ. ಅಪ್ಪೂಗೆ ನೆಗಡಿ. ಮೆಣಸಿನ ಕಷಾಯ.’ ”

ಓದಿ ಮುಗಿಸಿ ಅವನು ಹಾಗೇ ಬಗ್ಗಿಕೊಂಡಿದ್ದ. ಅಪ್ಪು ಅಂತ ಮಗುವನ್ನು ಕರೆಯುತ್ತಿದ್ದವಳು ಅವಳೊಬ್ಬಳೇ. ಆಷಾಢದಿಂದೀಚೆಗೆ ಆ ಹೆಸರು ಮನೆಯಲ್ಲಿ ಕೇಳಿರಲಿಲ್ಲ.

ಹಸು ಒಮ್ಮೆ ಕೂಗಿತು. ಗುರುಗಳು ಕೈ ಚಾಚಿದರು.

“ಅವಳ ರಬ್ಬರ್ ಎಲ್ಲಿ?”

ಚಿದಂಬರ ಅಂಗಿಯ ಜೇಬಿನಿಂದ ಒಂದು ಪುಟ್ಟ ಕುಂಕುಮದ ಭರಣಿ ತೆಗೆದ. ಮುಚ್ಚಳ ತಿರುಗಿಸಿದ. ಒಳಗೆ ಬಟಾಣಿ ಕಾಳಿನಷ್ಟು ಉಳಿದ ರಬ್ಬರಿನ ಚೂರು. ಅವಳ ಹಣೆಯ ಕೆಂಪು ಅದಕ್ಕೂ ಹತ್ತಿತ್ತು.

“ಕೊಡು.”

“ಸವೆದುಹೋಗುತ್ತೆ ಗುರುಗಳೇ. ಅವಳ ಬೆರಳು ತಾಗಿದ್ದು ಅಂತ ನನ್ನ ಹತ್ತಿರ ಉಳಿದಿರೋದು ಇದೊಂದೇ.”

“ಇಷ್ಟು ಸವೆಸಿದ್ದು ಯಾರು?”

ಚಿದಂಬರ ಭರಣಿಯನ್ನು ಮುಂದೆ ಹಿಡಿದ.

ಗುರುಗಳು ಇವತ್ತಿನ ಪುಟ ತೆರೆದರು. ಫಿಲ್ಟರಿಗೂ ಇಲಿ ಬೋನಿಗೂ ನಡುವೆ ತಮ್ಮ ದರ್ಶನ ಇತ್ತಲ್ಲ, ಅದನ್ನು ಉಜ್ಜಿದರು. ನಿಧಾನವಾಗಿ, ಒಂದೊಂದೇ ಅಕ್ಷರ. ಕಾಗದದ ಮೇಲೆ ಎದ್ದ ಹುಡಿಯನ್ನು ಊದಿ ಹಾರಿಸಿದರು. ರಬ್ಬರನ್ನು ಅವನ ಅಂಗೈಯಲ್ಲಿಟ್ಟರು.

“ಇವತ್ತು ನೀನಿಲ್ಲಿಗೆ ಬಂದಿಲ್ಲ,” ಅಂದರು. “ಏಳು.”

ಚಿದಂಬರ ಏಳಲಿಲ್ಲ. ಅವನ ಕೈ ಒಂದು ಪುಟ ಹಿಂದಕ್ಕೆ ಹೋಯಿತು. ನಿನ್ನೆಯ ಶನಿವಾರ. ಚೊಕ್ಕಟವಾದ ಪುಟ. ಎಣ್ಣೆ ಸ್ನಾನ. ಅದರ ಪಕ್ಕದಲ್ಲಿ ಅವನದೇ ಟಿಕ್.

ಅವನು ಉಜ್ಜಿದ. ಹಲ್ಲು ಕಚ್ಚಿ ಉಜ್ಜಿದ. ಪೆನ್ಸಿಲ್ಲಿನ ಅಕ್ಷರ ಎರಡು ಎಳೆತಕ್ಕೆ ಹೋಯಿತು. ಕೆಂಪು ಇಂಕು ಹೋಗಲಿಲ್ಲ. ಮತ್ತೆ ಉಜ್ಜಿದ. ಕಾಗದ ಹರಿಯಿತು, ಕೆಳಗಿನ ಪುಟದಲ್ಲೂ ಅದರ ಕೆಂಪು ಇಳಿದಿತ್ತು.

“ಅದನ್ನ ಬಿಡು,” ಅಂದರು ಗುರುಗಳು. “ಹರಿಗೋಲಿನವನು ಹುಟ್ಟು ಎತ್ತಿಕೊಂಡ, ನೋಡಲ್ಲಿ.”

ಆಗ ಎದ್ದ. ಹಳೆಯ ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡು ಇಳಿಜಾರಿನಲ್ಲಿ ಓಡಿದ. ಹೊಸ ಪುಸ್ತಕ ಬೆಂಚಿನ ಮೇಲೆಯೇ ಉಳಿಯಿತು. ಮೊಣಕಾಲಿನವರೆಗೆ ನೀರಿಗಿಳಿದು ಹರಿಗೋಲಿನ ಅಂಚು ಹಿಡಿದವನು ತಿರುಗಿ ನಿಂತ.

“ಗುರುಗಳೇ! ಮಗು ಉಳೀತಾಳಾ?”

ಕೇಳುತ್ತಿದ್ದಂತೆಯೇ ಅವನ ಕೈ ಅಭ್ಯಾಸಬಲದಿಂದ ಚೀಲದೊಳಗೆ, ಪುಸ್ತಕದ ಕಡೆಗೆ ಹೋಯಿತು.

ಗುರುಗಳು ದಡದ ಅಂಚಿಗೆ ಬಂದಿದ್ದರು. ಅವರ ಮುಖದಲ್ಲಿ ನಗುವೂ ಇರಲಿಲ್ಲ, ಅಭಯವೂ ಇರಲಿಲ್ಲ.

“ಅದನ್ನ ಅವಳು ಬರೆದಿಟ್ಟಿಲ್ಲಪ್ಪ. ಹೋಗಿ ನೋಡು.”